ಒಂದು ಡಿಸ್ಕು, ಎರಡು ಪಾಲು, ಹನ್ನೊಂದು ಫ್ಲಾಪಿ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿರಾದಲ್ಲಿ ಕುರಿ ಸಾಕುವವರ ಒಂದು ಸಹಕಾರ ಸಂಘವಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಮಂದೆಗಳು ಅದರ ವ್ಯಾಪ್ತಿಗೆ ಬರುತ್ತಿದ್ದವು. ಆ ಕಚೇರಿಗೆ ಬಂದ ಮೊದಲ ಕಂಪ್ಯೂಟರನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಧುಗಿರಿಯ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಫ್ಲಾಪಿ, ಬುತ್ತಿ. ಪಕ್ಕದಲ್ಲಿ ಕೂತವರು ಏನು ಕೆಲಸಮ್ಮ ಎಂದು ಕೇಳಿದರೆ ಕಂಪ್ಯೂಟರ್ ಇಂಜಿನಿಯರ್ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ, ಹಿಂದಿನ ಸೀಟಿನವರಿಗೂ ಕೇಳಲಿ ಎಂದು.

ಯಂತ್ರ ಒಂದೇ, ಯಜಮಾನರು ಇಬ್ಬರು. ಕಾರ್ಯದರ್ಶಿಗಳಿಗೆ ಸಂಘದ ಪತ್ರಗಳೆಲ್ಲ ಕನ್ನಡದಲ್ಲೇ ಹೋಗಬೇಕೆಂಬ ಹಟ. ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶ ಡಾಸ್ ಎಂಬ ವ್ಯವಸ್ಥೆಯ ಮೇಲೆ ಮಾತ್ರ ಓಡುತ್ತಿತ್ತು. ಸಂಘದ ಪಶುವೈದ್ಯರು, ಅಂದರೆ ನಮ್ಮ ಡಾಕ್ಟರು, ವಯಸ್ಸಿನಲ್ಲಿ ಕಾರ್ಯದರ್ಶಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರಿಗೆ ಬೇಕಾಗಿದ್ದದ್ದು ಕುರಿಗಳ ರಿಜಿಸ್ಟರು. ಅದೂ ಅಲ್ಲಿಯವರೆಗೆ ಡಾಸ್‌ನಲ್ಲೇ ಇತ್ತು, ಆದರೆ ಡಾಸ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಕೂರಬಹುದು. ಟೈಪಿಸ್ಟ್ ಅಕ್ಕ ಕುರಿ ಸೇರಿಸುತ್ತಿದ್ದರೆ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ಕೆಮ್ಮುವರು. ಕಾರ್ಯದರ್ಶಿಗಳು ಪತ್ರ ಬರೆಯುತ್ತಿದ್ದರೆ ಡಾಕ್ಟರು ಕಿಟಕಿಯಲ್ಲಿ ನಿಂತು ಗಡಿಯಾರ ನೋಡಿಕೊಳ್ಳುವರು. ಕೊನೆಗೆ ಡಾಕ್ಟರು ಝೆನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆ ತರಿಸಿದರು. ಅದಾದರೆ ಒಂದೇ ಯಂತ್ರಕ್ಕೆ ಪರದೆ, ಕೀಬೋರ್ಡು ಇರುವ ಮೂರು ಟರ್ಮಿನಲ್ ಜೋಡಿಸಿ ಮೂರು ಜನ ಒಟ್ಟಿಗೆ ಕುರಿ ಸೇರಿಸಿ ಬೇಗ ಮುಗಿಸಬಹುದು, ಮಿಕ್ಕ ಹೊತ್ತು ಯಂತ್ರ ಡಾಸ್‌ಗೆ, ಪತ್ರಗಳಿಗೆ. ಎರಡೂ ವ್ಯವಸ್ಥೆ ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಇರುವಂತೆ ಮಾಡಿಕೊಡಿ ಎಂದು ನನಗೆ ಅಪ್ಪಣೆಯಾಯಿತು. ನಾನು ಒಪ್ಪಿಕೊಂಡೆ. ಈ ಕೆಲಸವನ್ನು ಒಮ್ಮೆಯೂ ಮಾಡಿರಲಿಲ್ಲ ಎನ್ನುವುದನ್ನು ಹೇಳಲಿಲ್ಲ.

ರಿಜಿಸ್ಟರಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಲಸಿಕೆ ಶಿಬಿರದಲ್ಲಿ ಪ್ರತಿ ಕುರಿಯ ಕಿವಿಗೂ ನಂಬರಿನ ಬಿಲ್ಲೆ ಹಾಕಿ, ಯಾರ ಕುರಿ, ಎಷ್ಟು ಹಲ್ಲು, ಏನು ಗುರುತು, ಯಾವ ಲಸಿಕೆ ಎಂದು ಚೀಟಿಗಳಲ್ಲಿ ಬರೆದು ತರುತ್ತಿದ್ದರು. ಟೈಪಿಸ್ಟ್ ಅಕ್ಕ ಮೂರು ತಿಂಗಳು ಕೂತು, ಕರೆಂಟು ಇದ್ದಾಗಲೆಲ್ಲ, ಆ ಸಾವಿರಾರು ಚೀಟಿಗಳನ್ನು ಕಂಪ್ಯೂಟರಿಗೆ ಸೇರಿಸಿದ್ದರು. ದೀಪಾವಳಿಯ ಹೊತ್ತಿಗೆ ಎರಡನೇ ಸುತ್ತಿನ ಲಸಿಕೆ ಆಗಬೇಕಿತ್ತು. ಮೊದಲ ಸುತ್ತಿನಲ್ಲಿ ಯಾವ ಕುರಿಗೆ ಯಾವ ಲಸಿಕೆ ಆಗಿದೆ ಎನ್ನುವುದು ಆ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಚೀಟಿಗಳು ಏನಾದವು ಎಂದರೆ, ತರಬೇತಿಯ ದಿನ ನಾನೇ ಎದೆಯುಬ್ಬಿಸಿ, ಇನ್ನು ಮೇಲೆ ನಿಮಗೆ ಕಾಗದದ ಹಂಗಿಲ್ಲ ಎಂದು ಭಾಷಣ ಮಾಡಿದ್ದೆ. ಅವರು ನನ್ನ ಮಾತನ್ನು ನಂಬಿ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಕೊಂಡ ಕಡಲೆಕಾಯಿಯ ಪೊಟ್ಟಣ ಬಿಡಿಸಿದಾಗ ತಾವರೆಕೆರೆಯ ಯಾವುದೋ ಟಗರಿನ ವಿವರ ಸಿಕ್ಕಿತ್ತು. ಆಗ ನಕ್ಕಿದ್ದೆ.

ಡಿಸ್ಕು ನಲವತ್ತು ಮೆಗಾಬೈಟಿನದು. ಅದರೊಳಗೆ ಎಂಟುನೂರ ಇಪ್ಪತ್ತು ಸಿಲಿಂಡರು, ಎಂದರೆ ಒಂದರ ಒಳಗೊಂದು ಸುತ್ತುವ ಅಷ್ಟು ಬಳೆಗಳು ಎಂದುಕೊಳ್ಳಿ. ಡಾಸ್‌ಗೆ ಒಂದೇ ಪಾಲಿನಲ್ಲಿ ಮೂವತ್ತೆರಡು ಮೆಗಾಬೈಟಿಗಿಂತ ಹೆಚ್ಚು ಉಳಲು ಬಾರದು. ಹಾಗಾಗಿ ಮಿಕ್ಕ ಎಂಟು ಬೀಳು ಬಿದ್ದಿತ್ತು. ಪಾಲಿನ ಈ ಬೇಲಿಯನ್ನು ಕಿತ್ತು ಬೇರೆ ಕಡೆ ನೆಡಬೇಕು. ಒಳಗೆ ಬೆಳೆ ಇರುವಾಗಲೇ ಬೇಲಿ ಸರಿಸುವ ಉಪಾಯ ಆಗ ಇರಲಿಲ್ಲ. ಇರುವುದನ್ನೆಲ್ಲ ಫ್ಲಾಪಿಗಳಿಗೆ ಇಳಿಸಬೇಕು, ಡಿಸ್ಕನ್ನು ಬರಿದು ಮಾಡಿ ಹೊಸದಾಗಿ ಭಾಗ ಮಾಡಬೇಕು, ಆಮೇಲೆ ಫ್ಲಾಪಿಗಳಿಂದ ಮತ್ತೆ ತುಂಬಬೇಕು.

ಯಾರಿಗೆ ಎಷ್ಟು ಸಿಲಿಂಡರು ಎಂಬಲ್ಲಿ ಜಗಳ ಹತ್ತಿತು. ಕಾರ್ಯದರ್ಶಿಗಳು ಆರುನೂರು ಬೇಕೆಂದರು. ಡಾಕ್ಟರೂ ಆರುನೂರು ಬೇಕೆಂದರು. ಎರಡು ದಿನ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. ನಾನು ಈ ಕೋಣೆಯಿಂದ ಆ ಕೋಣೆಗೆ ಓಡಾಡಿ ಸುಸ್ತಾಗಿ, ಮೂರನೆಯ ದಿನ ಟೈಪಿಸ್ಟ್ ಅಕ್ಕನ ಮುಂದೆ ಗೋಳು ಹೇಳಿಕೊಂಡೆ. ಅಕ್ಕ ಬುಕ್ಕಾಪಟ್ಟಣದ ಕಡೆಯ ಕುರಿಗಾಹಿಗಳ ಮನೆಯ ಮಗಳು. ಕೀಬೋರ್ಡಿನಿಂದ ಕಣ್ಣು ತೆಗೆಯದೆ ಹೇಳಿದರು.

"ನಮ್ಮಲ್ಲಿ ಅಣ್ತಮ್ಮಂದ್ರು ಮಂದೆ ಪಾಲು ಮಾಡ್ಕೊಳ್ಳೋವಾಗ ಇರೀಕ ಎರಡು ಗುಂಪು ಮಾಡ್ತಾನೆ, ಕಿರೀಕ ಮೊದ್ಲು ಆರಿಸ್ಕೋತಾನೆ. ಅಷ್ಟೇ ಕಣಮ್ಮ. ಜಗ್ಳ ಯಾಕ್ ಬತ್ತದೆ?"

ಇದನ್ನು ನಾನು ಇಬ್ಬರಿಗೂ ಹೇಳಿದೆ. ಡಾಕ್ಟರಿಗೆ ನಗು ಬಂತು, ಕಾರ್ಯದರ್ಶಿಗಳಿಗೆ ಬರಲಿಲ್ಲ, ಆದರೂ ಒಪ್ಪಿಕೊಂಡರು. ಭಾಗ ಮಾಡುವ ಹೊಣೆ ತಮ್ಮ ತಲೆಗೆ ಬಿದ್ದ ಮೇಲೆ ಅವರು ನನ್ನನ್ನು ಇಡೀ ದಿನ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಒಂದು ಪತ್ರಕ್ಕೆ ಎಷ್ಟು ಜಾಗ, ಒಂದು ಕುರಿಗೆ ಎಷ್ಟು ಜಾಗ, ಝೆನಿಕ್ಸ್ ತನಗೆಂದೇ ಎಷ್ಟು ನುಂಗುತ್ತದೆ, ಎಲ್ಲ. ಸಂಜೆಗೆ ಕಾಗದದ ಮೇಲೆ ಗೆರೆ ಎಳೆದರು: ನಾನೂರು ಒಂದು ಕಡೆ, ನಾನೂರ ಇಪ್ಪತ್ತು ಇನ್ನೊಂದು ಕಡೆ. ಯಾವುದು ಸಿಕ್ಕಿದರೂ ನನಗೆ ಅಳು ಬರಬಾರದು ನೋಡಿ, ಎಂದರು. ಡಾಕ್ಟರು ನಾನೂರ ಇಪ್ಪತ್ತನ್ನು ಆರಿಸಿಕೊಂಡರು. ಕಾರ್ಯದರ್ಶಿಗಳು ಅಳಲಿಲ್ಲ, ಎಲ್ಲರಿಗೂ ಟೀ ತರಿಸಿದರು.

ಆಯುಧಪೂಜೆಯ ಹಿಂದಿನ ದಿನ ಬ್ಯಾಕಪ್ ತೆಗೆದೆ. ಹತ್ತು ಫ್ಲಾಪಿಯ ಒಂದು ಪೆಟ್ಟಿಗೆ, ಅದರ ಜೊತೆ ಹತ್ತು ಲೇಬಲ್. ಒಂದೊಂದಕ್ಕೂ ಲೇಬಲ್ ಅಂಟಿಸಿ, ನಂಬರು ಬರೆದು, ತುಂಬುತ್ತ ಹೋದೆ. ಹತ್ತು ಸಾಲಲಿಲ್ಲ. ಕುರಿ ರಿಜಿಸ್ಟರಿನ ಡೈರೆಕ್ಟರಿ ಕಟ್ಟಕಡೆಯದು, ಅದಿನ್ನೂ ಉಳಿದಿತ್ತು. ಬ್ಯಾಗಿನಿಂದ ಒಂದು ಬಿಡಿ ಫ್ಲಾಪಿ ತೆಗೆದು ಹಾಕಿದೆ. ಅದಕ್ಕೆ ಲೇಬಲ್ ಇರಲಿಲ್ಲ. ಹೊರಗಿನ ಕಾಗದದ ಚೀಲದ ಮೇಲೆ ಹನ್ನೊಂದು ಎಂದು ಪೆನ್ಸಿಲಿನಲ್ಲಿ ಬರೆದೆ. ಹನ್ನೊಂದನ್ನೂ ಪರೀಕ್ಷೆ ಮಾಡಿದೆ, ಎಲ್ಲವೂ ಸರಿಯಾಗಿ ಓದಿದವು. ಬುದ್ಧಿ ಇರುವವಳಾಗಿದ್ದರೆ ಆ ರಿಜಿಸ್ಟರಿಗೊಂದು ಎರಡನೆಯ ಪ್ರತಿ ತೆಗೆಯುತ್ತಿದ್ದೆ. ಫ್ಲಾಪಿ ಆಗ ಸುಲಭವಾಗಿ ಸಿಗುತ್ತಿರಲಿಲ್ಲ, ಮಧುಗಿರಿ ಬಸ್ಸಿಗೂ ಹೊತ್ತಾಗಿತ್ತು. ಎಲ್ಲವನ್ನೂ ಬೀರುವಿನಲ್ಲಿಟ್ಟು ಹಬ್ಬಕ್ಕೆ ಊರಿಗೆ ಹೊರಟೆ.

ಹಬ್ಬ ಮುಗಿಸಿಕೊಂಡು ಬಂದಾಗ ಕಂಪ್ಯೂಟರಿನ ಮೇಲೆ ಚೆಂಡುಹೂವಿನ ಸರ ಇನ್ನೂ ಇತ್ತು. ಸರ ತೆಗೆದಿಟ್ಟು ಕೂತೆ. ಪಾಲು ಮಾಡುವ ಆಜ್ಞೆ ಎಫ್‌ಡಿಸ್ಕ್. ಹಳೆಯ ಪಾಲನ್ನು ಅಳಿಸು ಎಂದಾಗ ಅದು, ಒಳಗಿರುವುದೆಲ್ಲ ಹೋಗುತ್ತದೆ, ಖಂಡಿತವೇ ಎಂದು ಕೇಳುತ್ತದೆ. ಬೆರಳು, ಹೌದು ಎನ್ನುವ ವೈ ಅಕ್ಷರದ ಮೇಲೆ ಒಂದು ಗಳಿಗೆ ನಿಂತಿತು. ಹಬ್ಬಕ್ಕೆ ಮೊದಲೇ ಪರೀಕ್ಷೆ ಮಾಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಒತ್ತಿದೆ. ಮೊದಲ ನಾನೂರು ಸಿಲಿಂಡರು ಡಾಸ್‌ಗೆ ಕೊಟ್ಟು ಫಾರ್ಮ್ಯಾಟ್ ಮಾಡಿದೆ. ಮಿಕ್ಕಿದ್ದನ್ನು ಝೆನಿಕ್ಸ್‌ಗೆ ಬಿಟ್ಟೆ. ಅದು ತನ್ನ ಜಾಗದ ಒಂದೊಂದು ಗೆರೆಯನ್ನೂ ಬರೆದು, ಓದಿ, ಕೆಟ್ಟ ಜಾಗಗಳನ್ನು ಪಟ್ಟಿ ಮಾಡಿಕೊಂಡೇ ಒಳಗೆ ಕಾಲಿಡುವ ಅನುಮಾನದ ಪ್ರಾಣಿ. ಎರಡು ದಿನ ಅದರದೇ ಫ್ಲಾಪಿಗಳನ್ನು ಒಂದರ ಮೇಲೊಂದು ತಿನ್ನಿಸಿದೆ. ಮಧ್ಯೆ ಒಮ್ಮೆ ಕರೆಂಟು ಹೋಗಿ ಮೊದಲಿನಿಂದ ಶುರುಮಾಡಬೇಕಾಯಿತು.

ಎರಡನೆಯ ದಿನ ಮಧ್ಯಾಹ್ನ ಪರದೆಯ ಮೇಲೆ, ಯಾವುದನ್ನು ಎಬ್ಬಿಸಲಿ ಎಂದು ಕೇಳುವ ಬೂಟ್ ಎಂಬ ಪದ ಬಂದು ನಿಂತಿತು. ಸುಮ್ಮನೆ ಎಂಟರ್ ಒತ್ತಿದರೆ ಝೆನಿಕ್ಸ್ ಬಂತು. ಯಂತ್ರವನ್ನು ಮತ್ತೆ ಎಬ್ಬಿಸಿ ಅದೇ ಜಾಗದಲ್ಲಿ ಡಾಸ್ ಎಂದು ಟೈಪ್ ಮಾಡಿದರೆ ಡಾಸ್ ಬಂತು. ಒಂದು ಸಲ ನೋಡಿ ನನಗೆ ತೃಪ್ತಿಯಾಗಲಿಲ್ಲ. ಕಾರ್ಯದರ್ಶಿಗಳನ್ನು ಕರೆದು ತೋರಿಸಿದೆ, ಡಾಕ್ಟರನ್ನು ಕರೆದು ತೋರಿಸಿದೆ, ಯಾರೂ ಇಲ್ಲದಾಗ ನನಗೇ ಇನ್ನೊಮ್ಮೆ ತೋರಿಸಿಕೊಂಡೆ. ಅಷ್ಟು ಖುಷಿ ಆಮೇಲೆ ದೊಡ್ಡ ದೊಡ್ಡ ಯಂತ್ರಗಳಲ್ಲೂ ಆಗಲಿಲ್ಲ.

ಇನ್ನು ಉಳಿದದ್ದು ಫ್ಲಾಪಿಗಳಿಂದ ವಾಪಸು ತುಂಬುವುದು. ಹತ್ತು ಫ್ಲಾಪಿ ಸಲೀಸಾಗಿ ಇಳಿದವು. ಕಾರ್ಯದರ್ಶಿಗಳ ಪತ್ರಗಳೆಲ್ಲ ಬಂದವು. ಹನ್ನೊಂದನೆಯದನ್ನು ಹಾಕಿದೆ. ಡ್ರೈವಿನೊಳಗೆ ಮರಳು ಅಗಿದಂತೆ ಕರಕರ ಎಂದಿತು, ಓದಲು ಆಗಲಿಲ್ಲ ಎಂದಿತು. ತಕ್ಷಣ ಹೊರಗೆ ತೆಗೆದೆ. ಫ್ಲಾಪಿಯ ಕರಿ ಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ, ಒಳಗಿನ ಕಂದು ತಟ್ಟೆ ಅಲ್ಲಿ ಕಾಣುತ್ತದೆ. ಡ್ರೈವು ಓದುವುದು ಅಲ್ಲಿಂದಲೇ. ಆ ಕಿಂಡಿಯಲ್ಲಿ, ತಟ್ಟೆಯ ಮೇಲೆ, ಕೆಂಪು.

ಮುಟ್ಟಿ ಮೂಸಿದೆ. ಕುಂಕುಮ.

ಯಾರು ಮಾಡಿದ್ದು ಎಂದು ನಾನು ಕೂಗಿದ್ದು ಹೊರಗಿನ ಟೀ ಅಂಗಡಿಯವರೆಗೂ ಕೇಳಿಸಿತಂತೆ. ಅಕ್ಕ ಬಂದು ನಿಂತರು. ಪೂಜೆಯ ದಿನ ಕಂಪ್ಯೂಟರಿಗೆ ಇಟ್ಟಂತೆ ಹನ್ನೊಂದು ಫ್ಲಾಪಿಗೂ ಬೊಟ್ಟಿಟ್ಟಿದ್ದರು. ಹತ್ತಕ್ಕೆ ಲೇಬಲ್ ಇತ್ತು, ಲೇಬಲ್ ಮೇಲೆ ಇಟ್ಟರು. ಹನ್ನೊಂದನೆಯದಕ್ಕೆ ಎಲ್ಲಿಡುವುದೆಂದು ತಿಳಿಯದೆ ತಿರುಗಿಸಿ ನೋಡಿದ್ದರು.

"ಅಲ್ಲೇ ಮಿಂಚ್ತಿತ್ತು. ಅದೇ ಹಣೆ ಅಂದ್ಕಂಡೆ ಕಣಮ್ಮ," ಎಂದರು.

ಲೇಬಲ್ ಅಂಟಿಸದಿದ್ದವಳು ನಾನು, ಎರಡನೆಯ ಪ್ರತಿ ತೆಗೆಯದಿದ್ದವಳು ನಾನು, ಕಾಗದ ಬೇಡ ಎಂದು ಸಾರಿದವಳೂ ನಾನೇ. ಮೂರು ತಿಂಗಳ ಕೆಲಸ ಅವರದು. ಅವರು ಅಳುತ್ತಿರಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಇದು ಬರಲಿಲ್ಲವೆಂದರೆ ನಾಲ್ಕು ತಾಲ್ಲೂಕಿನ ಹಟ್ಟಿ ಹಟ್ಟಿಗೂ ಹೋಗಿ, ಒಂದೊಂದು ಕುರಿಯನ್ನೂ ಹಿಡಿದು ಕಿವಿ ತಿರುಗಿಸಿ ನೋಡಬೇಕು, ಅಷ್ಟಾದರೂ ಯಾವುದಕ್ಕೆ ಯಾವ ಲಸಿಕೆ ಆಗಿದೆ ಎನ್ನುವುದು ಗೊತ್ತಾಗುವುದಿಲ್ಲ. ಅಕ್ಕ, ತಪ್ಪು ನನ್ನದು, ಕೂಗಿದ್ದೂ ತಪ್ಪು ಎಂದೆ. ಅವರು, ಮೊದ್ಲು ಅದುನ್ನ ಉಳಿಸ್ಕೊಳ್ಳೋ ದಾರಿ ನೋಡಿ ಎಂದರು.

ಮತ್ತೆ ಡ್ರೈವಿಗೆ ಹಾಕಿ ಯತ್ನಿಸಿದರೆ ಉಳಿದದ್ದೂ ಗೀರಿ ಹೋಗುತ್ತದೆ. ಕವಚ ಹರಿಯಕೂಡದು, ತಟ್ಟೆ ಮುಟ್ಟಕೂಡದು ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತದೆ. ಆದರೆ ಕುಂಕುಮ ನೀರಿನಲ್ಲಿ ಹೋಗುವ ವಸ್ತು. ತಟ್ಟೆಯನ್ನು ಹೊರಗೆ ತೆಗೆದು ತೊಳೆಯಬೇಕು ಎಂದು ನಿರ್ಧರಿಸಿದೆ. ಹೇಳಿದಾಗ ಡಾಕ್ಟರು, ಸತ್ತ ಕುರಿಗೆ ಆಪರೇಷನ್ ಮಾಡಿದರೆ ನಷ್ಟವೇನಿಲ್ಲ ಎಂದರು. ಇದಕ್ಕೆ ಸಣ್ಣ ಕೆಲಸದಲ್ಲಿ ಪಳಗಿದ ಕೈ ಬೇಕಿತ್ತು. ಬಜಾರಿನ ಗಡಿಯಾರ ರಿಪೇರಿಯ ಸಾಬರ ಹತ್ತಿರ ಹೋಗೋಣ ಎಂದು ಅಕ್ಕನೇ ಹೇಳಿದರು.

ಸಾಬರ ಅಂಗಡಿ ಒಂದು ಮೇಜಿನಗಲ. ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರದಲ್ಲೇ ಫ್ಲಾಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಡಿಯಾರದ ಚಕ್ರಗಳನ್ನು ತೊಳೆಯುವ ಪೆಟ್ರೋಲಿನಲ್ಲಿ ಅದ್ದಿದರೆ ಕ್ಷಣದಲ್ಲಿ ಸಾಫ್ ಆಗುತ್ತದೆ ಎಂದರು. ಬೇಡವೇ ಬೇಡ, ಕುರಿಗಳೆಲ್ಲ ಇರುವುದು ಆ ಕಂದು ಲೇಪದಲ್ಲೇ, ಲೇಪ ಎದ್ದರೆ ಕುರಿಗಳೂ ಎದ್ದು ಹೋಗುತ್ತವೆ ಎಂದೆ. ಹಾಗಾದರೆ ಮೊದಲು ಒಂದು ಖಾಲಿಯದನ್ನು ಮಾಡಿ ನೋಡೋಣ ಎಂದರು ಸಾಬರು. ಪಕ್ಕದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತರಿಸಿದೆವು. ನನ್ನ ಬ್ಯಾಗಿನ ಒಂದು ಕೆಟ್ಟ ಫ್ಲಾಪಿಯ ಕವಚವನ್ನು ಅವರು ಬ್ಲೇಡಿನಿಂದ ಒಂದು ಅಂಚಿಗೆ ಮಾತ್ರ ಸೀಳಿ, ತಟ್ಟೆಯನ್ನು ನಡುವಿನ ತೂತಿನಲ್ಲಿ ಬೆರಳಿಟ್ಟು ಎಳೆದರು. ತೊಳೆದು, ಒಣಗಿಸಿ, ಮತ್ತೆ ಸೇರಿಸಿದರು. ಕಚೇರಿಗೆ ಒಯ್ದು, ಡ್ರೈವಿನ ಓದುವ ತಲೆಗಂಟಿದ್ದ ಕೆಂಪನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಹಾಕಿ ನೋಡಿದರೆ ತಟ್ಟೆ ಸರಾಗವಾಗಿ ತಿರುಗಿತು, ಗೀಚಲೂ ಇಲ್ಲ. ಮತ್ತೆ ಅಂಗಡಿಗೆ ಬಂದೆ.

ಹನ್ನೊಂದನೆಯದರ ಸರದಿ ಬಂದಾಗ ನಾನು ಅಂಗಡಿಯ ಹೊರಗೆ ಮುಖ ತಿರುಗಿಸಿ ನಿಂತೆ.

"ಫಿಕರ್ ಮಾಡ್ಬೇಡಿ ಮೇಡಂ. ನಾಜೂಕು ಕೆಲ್ಸಕ್ಕೆ ಜಲ್ದಿ ಆಗೋದಿಲ್ಲ. ನಿಮ್ ಉಸ್ರು ಇಲ್ಲೀವರ್ಗೂ ಕೇಳ್ತಾ ಇದೆ ನನ್ಗೆ, ಸ್ವಲ್ಪ ನಿಧಾನಕ್ಕೆ ಬಿಡಿ," ಎಂದರು ಸಾಬರು.

ತಟ್ಟೆಯನ್ನು ನೀರಿನಲ್ಲಿ ಆಡಿಸಿದರು. ನೀರು ಮೊದಲ ಸಲ ಗುಲಾಬಿ, ಎರಡನೆಯ ಸಲ ತೆಳು, ನಾಲ್ಕನೆಯ ಸಲಕ್ಕೆ ನಿಚ್ಚಳ. ಧೂಳು ಬೀಳದಿರಲೆಂದು ಗಡಿಯಾರದ ಬಿಡಿಭಾಗಗಳನ್ನು ಮುಚ್ಚಿಡುವ ಗಾಜಿನ ಗುಮ್ಮಟದ ಕೆಳಗೆ ಒಣಗಲು ಇಟ್ಟರು. ಎರಡು ಗಂಟೆ ಕಾದೆವು. ಅಂಗಡಿಗೆ ಬಂದವರೆಲ್ಲ ಇದ್ಯಾವ ಗಡಿಯಾರ ಎಂದು ಕೇಳಿದರು. ಸಾಬರು ಗಂಭೀರವಾಗಿ, ಇದು ಕುರಿಗಳ ಗಡಿಯಾರ ಎಂದು ಹೇಳಿ ಕಳಿಸುತ್ತಿದ್ದರು. ಕೆಟ್ಟ ಫ್ಲಾಪಿಯ ಕವಚಕ್ಕೆ ಈ ತಟ್ಟೆಯನ್ನು ಸೇರಿಸಿಕೊಟ್ಟು, ಕೂಲಿ ಎಷ್ಟೆಂದು ನಾನು ಕೇಳಿದರೆ, ಬದುಕಿದರೆ ಮಿಠಾಯಿ ಕೊಡಿಸಿ ಎಂದರು.

ಕಚೇರಿಗೆ ಬಂದು ರಿಜಿಸ್ಟರನ್ನು ನೇರವಾಗಿ ಇಳಿಸುವ ಆಸೆ ತಡೆದುಕೊಂಡೆ. ತೊಳೆದ ತಟ್ಟೆ ಎಷ್ಟು ಹೊತ್ತು ತಡೆಯುತ್ತದೋ ಯಾರಿಗೆ ಗೊತ್ತು. ಮೊದಲು ಇಡೀ ಫ್ಲಾಪಿಯನ್ನು ಇನ್ನೊಂದಕ್ಕೆ ನಕಲು ಮಾಡಲು ಕೊಟ್ಟೆ. ಕರಕರ ಸದ್ದಿಲ್ಲ. ಒಂದು ಕಡೆ ತಡವರಿಸಿ, ಇಲ್ಲೊಂದು ಸೆಕ್ಟರು, ಅಂದರೆ ಬಳೆಯ ಒಂದು ತುಣುಕು, ಓದಲಾಗದು ಎಂದು ಹೇಳಿ ಮುಂದೆ ಹೋಯಿತು. ಆ ನಕಲಿನಿಂದ ರಿಜಿಸ್ಟರನ್ನು ಇಳಿಸಿದೆ, ತೆರೆದೆ. ಮಧುಗಿರಿಯ ಕುರಿಗಳು ಬಂದವು, ಕೊರಟಗೆರೆಯವು ಬಂದವು, ಪಾವಗಡದವು ಬಂದವು. ಶಿರಾದ ನಡುವೆ ಒಂದು ಕಡೆ ಮಾತ್ರ ಅರ್ಥವಿಲ್ಲದ ಚಿಹ್ನೆಗಳು. ಒಂದು ಸೆಕ್ಟರಿಗೆ ಐನೂರ ಹನ್ನೆರಡು ಅಕ್ಷರ, ಒಂದು ಕುರಿಗೆ ನಾವು ಕೊಟ್ಟಿದ್ದು ಅರವತ್ತನಾಲ್ಕು. ಭಾಗಿಸಿದರೆ ಎಂಟು. ಸಾವಿರಾರು ಕುರಿಗಳಲ್ಲಿ ಎಂಟು ಕಾಣೆ. ನಾನು ಕುರ್ಚಿಯಿಂದೆದ್ದು ಅಕ್ಕನನ್ನು ಅಪ್ಪಿಕೊಂಡೆ. ಅವರು ನನ್ನ ಹೆಗಲ ಮೇಲಿಂದಲೇ ಪರದೆ ನೋಡುತ್ತಿದ್ದರು.

"ಮೇಲೆ ಕೆಳ್ಗೆ ಇರೋ ಎಸ್ರು ನೋಡಿ. ಇದು ನಮ್ ಬುಕ್ಕಾಪಟ್ಟಣದ ತಾತನ ಮಂದೆ. ನಾಳಿಕ್ಕೆ ಬರೇಳ್ತೀನಿ," ಎಂದರು.

ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಕ್ಕೆ ಮರುದಿನ ಹನ್ನೊಂದು ಗಂಟೆಗೆಲ್ಲ ತಾತ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು. ತಾತನಿಗೆ ಓದು ಬಾರದು, ನಂಬರುಗಳ ಗೊಡವೆ ಅವರಿಗಿಲ್ಲ. ಅಕ್ಕ ಅವರ ಮಂದೆಯಲ್ಲಿ ಉಳಿದಿದ್ದ ಕುರಿಗಳ ಗುರುತನ್ನು ಒಂದೊಂದಾಗಿ ಓದುತ್ತ ಹೋದರು. ತಾತ ಕಣ್ಣು ಮುಚ್ಚಿ ಹೂಂ ಎನ್ನುತ್ತ ಕೇಳಿದರು. ಓದಿ ಮುಗಿಯುತ್ತಲೇ ಕಣ್ಣು ಬಿಟ್ಟು, ಕರಿಕಿವಿ ಎಲ್ಲಿ ಎಂದರು. ಬಿಳಿಮೂತಿ ಎಲ್ಲಿ, ಚುಕ್ಕಿ ಎಲ್ಲಿ, ಕುಂಟಿ ಎಲ್ಲಿ ಎಂದು ಬೆರಳು ಮಡಿಸಿ ಎಣಿಸಿದರು. ಸರಿಯಾಗಿ ಎಂಟು. ನಡುವೆ ಬಿಟ್ಟುಹೋದ ಎಂಟು ನಂಬರು ಯಾವುವೆಂದು ಪಟ್ಟಿ ನೋಡಿದರೆ ತಿಳಿಯುತ್ತಿತ್ತು, ಆದರೆ ಯಾವುದಕ್ಕೆ ಯಾವ ನಂಬರು ಎಂದು ನಾನು ತಲೆ ಕೆರೆದುಕೊಂಡೆ. ಅದಕ್ಕೂ ತಾತನ ಹತ್ತಿರ ಉತ್ತರವಿತ್ತು. ಬಿಲ್ಲೆ ಹಾಕಿದ್ದು ಕುರಿ ಕೂಡುವ ರೊಪ್ಪದ ಕಂಡಿಯಲ್ಲಿ, ಕುರಿಗಳು ಒಂದೊಂದಾಗಿ ಹೊರಗೆ ಬರುವಾಗ.

"ಕಂಡಿಯಿಂದ ಹೊರಡೋ ಸಾಲು ದಿನಾ ಅದೇ ಕಣವ್ವ. ಮುಂದಿಂದು ಮುಂದೆ, ಹಿಂದಿಂದು ಹಿಂದೆ. ಬರ್ಕೊ, ನಾನು ಹೇಳ್ತೀನಿ."

ತಾತ ಹೇಳಿದ ಸಾಲಿನಲ್ಲೇ ಎಂಟಕ್ಕೂ ನಂಬರು ಕೊಟ್ಟೆವು. ಲಸಿಕೆ ಆ ದಿನ ಇಡೀ ಮಂದೆಗೆ ಒಂದೇ ಆಗಿದ್ದರಿಂದ ಅದರಲ್ಲಿ ಅನುಮಾನವಿರಲಿಲ್ಲ. ಆಮೇಲೆ ಡಾಕ್ಟರು ಹಟ್ಟಿಗೆ ಹೋಗಿ ಕಿವಿ ತಿರುಗಿಸಿ ನೋಡಿದಾಗ ಒಂದು ಜೋಡಿ ಮಾತ್ರ ಹಿಂದುಮುಂದಾಗಿತ್ತಂತೆ. ಅವತ್ತು ಯಾರೋ ಅಡ್ಡ ಬಂದಿರಬೇಕು ಎಂದರೇ ಹೊರತು ತಾತ ತಮ್ಮ ತಪ್ಪೆಂದು ಒಪ್ಪಿಕೊಳ್ಳಲೇ ಇಲ್ಲ.

ಪೂರ್ತಿಯಾದ ರಿಜಿಸ್ಟರನ್ನು ಡಾಸ್ ಪಾಲಿನಿಂದ ಝೆನಿಕ್ಸ್ ಪಾಲಿಗೆ ದಾಟಿಸಿದೆ. ಬೇಲಿಯಾಚೆಯಿಂದ ಕಡತ ಎತ್ತಿಕೊಳ್ಳುವ ಆಜ್ಞೆಯೊಂದು ಝೆನಿಕ್ಸ್‌ನಲ್ಲೇ ಇತ್ತು. ಎಲ್ಲ ಮುಗಿಯಿತು ಎಂದು ನಾನು ಏಳುವಷ್ಟರಲ್ಲಿ ತಾತ, ಇನ್ನೊಂದು ಐತೆ ಬರ್ಕೊಳ್ಳಿ ಎಂದರು. ಎಂಟೇ ತಾತ ಕಾಣೆಯಾಗಿದ್ದದ್ದು ಎಂದೆ. ಕರಿಕಿವಿ ಆಯುಧಪೂಜೆ ದಿನ ಮರಿ ಹಾಕಿತು, ಹೆಣ್ಣು ಮರಿ, ಅದೂ ಕರಿಕಿವಿನೇ ಎಂದರು. ಅಕ್ಕ ಟರ್ಮಿನಲ್ ಮುಂದೆ ಕೂತು ಹೊಸ ನಂಬರು ಕೊಟ್ಟರು. ತಾಯಿಯ ನಂಬರು ಎಂದು ಕೇಳಿದ ಕಡೆ, ಈಗಷ್ಟೇ ಮರಳಿ ಬಂದಿದ್ದ ಕರಿಕಿವಿಯ ನಂಬರನ್ನು ತುಂಬಿದರು. ಆ ಹೊಸ ಪಾಲಿನಲ್ಲಿ ಸೇರಿದ ಮೊದಲ ಹೊಸ ಕುರಿ ಅದು. ಪಕ್ಕದ ಕೋಣೆಯಿಂದ ಕಾರ್ಯದರ್ಶಿಗಳು ಕೆಮ್ಮಿದರು. ಈ ಸಲ ಅದು ಬರೀ ಕೆಮ್ಮೇ.

ಸಾಬರಿಗೆ ಮಿಠಾಯಿ ಕಳಿಸಿ, ರಿಜಿಸ್ಟರಿನ ಪ್ರತಿಯನ್ನು ಎರಡು ಹೊಸ ಫ್ಲಾಪಿಗಳಿಗೆ ತೆಗೆದೆ. ಒಂದು ಬೀರುವಿಗೆ, ಒಂದು ಮಧುಗಿರಿಯ ನಮ್ಮ ಮನೆಗೆ. ಅಕ್ಕ ಬೀರುವಿನ ಮೂಲೆಯಲ್ಲಿದ್ದ ಕುಂಕುಮದ ಬಟ್ಟಲನ್ನು ನಾನು ನೋಡುವ ಮುಂಚೆ ಒಳಗೆ ಸರಿಸಿದರು. ನಾನು ನೋಡಿದೆ. ಆ ದಿನ ಬರುವಾಗಲೇ ಬ್ಯಾಗಿನಲ್ಲಿ ಲೇಬಲಿನ ಒಂದು ಹಾಳೆ ತಂದಿದ್ದೆ. ಒಂದನ್ನು ಕಿತ್ತು, ಹನ್ನೊಂದು ಎಂದು ಬರೆದು, ಸಾಬರು ತೊಳೆದುಕೊಟ್ಟ ಫ್ಲಾಪಿಯ ಮೇಲಂಚಿಗೆ ಅಂಟಿಸಿ ಮೇಜಿನ ಮೇಲಿಟ್ಟೆ. ಬಟ್ಟಲನ್ನು ಹೊರಗೆ ತೆಗೆದು ಅಕ್ಕನ ಮುಂದೆ ಹಿಡಿದೆ.

"ಹಣೆ ಇಲ್ಲಿದೆ ಅಕ್ಕ, ಇಡಿ," ಎಂದೆ.

ಅಕ್ಕ ಉಂಗುರದ ಬೆರಳನ್ನು ಬಟ್ಟಲಿಗೆ ಅದ್ದಿ, ಲೇಬಲಿನ ನಟ್ಟನಡುವೆ ಬೊಟ್ಟಿಟ್ಟರು. ಆಮೇಲೆ ಅದೇ ಬೆರಳಲ್ಲಿ ನನಗೂ ಇಟ್ಟರು.